ಹೊಸ ಪಾರ್ಟ್ ಹಾಕಿದ ಮೇಲೂ ಇಂಜಿನ್ ಹೀಟ್ ಆಗ್ತಿದೆಯಾ? ದೋಷ ಹುಡುಕುವುದು ಹೀಗೆ

ಕಾರು ಗ್ಯಾರೇಜಿನಿಂದ ಬಂದು ವಾರವೂ ಆಗಿರುವುದಿಲ್ಲ. ಥರ್ಮೋಸ್ಟಾಟ್ (ಇಂಜಿನ್ ತಂಪಾಗಿಸುವ ದ್ರವವನ್ನು, ಅಂದರೆ ಕೂಲೆಂಟನ್ನು, ಬಿಸಿಯಾದಾಗ ರೇಡಿಯೇಟರಿಗೆ ಬಿಡುವ ವಾಲ್ವ್) ಬದಲಾಗಿದೆ, ಇಲ್ಲವೇ ವಾಟರ್ ಪಂಪ್, ಇಲ್ಲವೇ ರೇಡಿಯೇಟರ್ ಫ್ಯಾನ್. ಬಿಲ್ ಕಟ್ಟಿದ್ದೂ ಆಗಿದೆ. ಈಗ ನೋಡಿದರೆ ಟೆಂಪರೇಚರ್ ಮುಳ್ಳು ಮತ್ತೆ ಮೇಲಕ್ಕೆ ಹೋಗುತ್ತಿದೆ. ವಾಪಸ್ ಹೋಗಿ ಕೇಳಿದರೆ, "ಅದು ಹೊಸದು ಸಾರ್, ಅದರದ್ದೇನೂ ಇರಲ್ಲ. ರೇಡಿಯೇಟರ್ ಬ್ಲಾಕ್ ಆಗಿರಬೇಕು" ಅನ್ನುತ್ತಾರೆ. ರೇಡಿಯೇಟರ್ ಬದಲಾಗುತ್ತದೆ, ಹೀಟ್ ಹಾಗೇ ಇರುತ್ತದೆ. ಆಮೇಲೆ ಪಂಪ್. ಆಮೇಲೆ ಇಂಜಿನ್ನಿನ ಮೇಲ್ಭಾಗವಾದ ಹೆಡ್ ಬಿಚ್ಚುವ ಮಾತು ಶುರುವಾಗುತ್ತದೆ.

ಇಂಥ ಕಡೆ ನಾನು ಹೇಳುವುದು ಒಂದೇ: ಕೊನೆಗೆ ಬದಲಾದ ಪಾರ್ಟ್ ಯಾವುದೋ, ಅದನ್ನೇ ಮೊದಲು ಅನುಮಾನಿಸಿ. ಹೊಸ ಡಬ್ಬಿಯಿಂದ ಬಂದದ್ದು ಅನ್ನುವುದು ಅದು ಸರಿಯಿದೆ ಅನ್ನುವುದಕ್ಕೆ ಸಾಕ್ಷಿಯಲ್ಲ. ಅರ್ಧವಷ್ಟೇ ತೆರೆಯುವ ಥರ್ಮೋಸ್ಟಾಟ್, ಶಾಫ್ಟ್ ಮೇಲೆ ಸಡಿಲವಾಗಿ ಕೂತ ಪಂಪ್ ರೆಕ್ಕೆ, ಬೇರೆ ಮಾಡೆಲ್ಲಿನ ರೇಡಿಯೇಟರ್ ಕ್ಯಾಪ್ ಎಲ್ಲವೂ ಹೊಸ ಡಬ್ಬಿಯಲ್ಲೇ ಬರುತ್ತವೆ. ಇವುಗಳಲ್ಲಿ ಸುಮಾರನ್ನು ಮನೆಯಲ್ಲೇ ಪರೀಕ್ಷಿಸಬಹುದು.

ಮುಳ್ಳು ಕೆಂಪಿಗೆ ಹೋದಾಗ

ಎಸಿ ಆಫ್ ಮಾಡಿ. ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ ಬ್ಲೋವರ್ ಜೋರು ಮಾಡಿ. ಬೇಸಿಗೆಯಲ್ಲಿ ಇದು ಹಿಂಸೆಯೇ. ಆದರೆ ಡ್ಯಾಶ್‌ಬೋರ್ಡ್ ಹಿಂದೆ ಇರುವುದು ಇನ್ನೊಂದು ಪುಟ್ಟ ರೇಡಿಯೇಟರ್. ಇಂಜಿನ್ನಿನ ಒಂದಿಷ್ಟು ಬಿಸಿಯನ್ನು ಅದು ಹೊರಗೆ ಹಾಕುತ್ತದೆ. ಜಾಗ ಸಿಕ್ಕ ಕೂಡಲೇ ಪಕ್ಕಕ್ಕೆ ನಿಲ್ಲಿಸಿ ಇಂಜಿನ್ ಆಫ್ ಮಾಡಿ. "ಇನ್ನೊಂದೇ ಕಿಲೋಮೀಟರ್" ಎಂದು ಓಡಿಸಬೇಡಿ. ಈಗಿನ ಬಹುತೇಕ ಕಾರುಗಳ ಸಿಲಿಂಡರ್ ಹೆಡ್ ಅಲ್ಯೂಮಿನಿಯಂನದು. ಹೀಟ್ ಜಾಸ್ತಿಯಾದರೆ ಅದು ಬೆಂಡ್ ಆಗಲು ಹೆಚ್ಚು ಹೊತ್ತು ಬೇಕಿಲ್ಲ.

ರೇಡಿಯೇಟರ್ ಕ್ಯಾಪ್ ಮುಟ್ಟುವ ಮೊದಲು ಅರ್ಧದಿಂದ ಮುಕ್ಕಾಲು ಗಂಟೆ ಕಾಯಿರಿ. ಮೇಲಿನ ಹೋಸ್ ಪೈಪನ್ನು ಕೈಯಲ್ಲಿ ಆರಾಮಾಗಿ ಹಿಡಿಯಲು ಆಗಬೇಕು, ಹಿಚುಕಿದರೆ ಮೆತ್ತಗಿರಬೇಕು. ಆಮೇಲೆ ದಪ್ಪ ಬಟ್ಟೆ ಹಾಕಿ ಸ್ವಲ್ಪವೇ ತಿರುಗಿಸಿ, ಉಳಿದ ಆವಿ ಹೋಗಲು ಬಿಟ್ಟು, ನಂತರ ತೆಗೆಯಿರಿ. ಬಿಸಿ ಇಂಜಿನ್ನಿಗೆ ತಣ್ಣೀರು ಸುರಿದರೆ ಹೆಡ್ಡೋ ಬ್ಲಾಕೋ ಬಿರುಕು ಬಿಡಬಹುದು. ತುರ್ತಿಗೆ ಸಾದಾ ನೀರು ಹಾಕುವುದರಲ್ಲಿ ತಪ್ಪಿಲ್ಲ. ಬೋರ್‌ವೆಲ್ ನೀರಿಗಿಂತ ಕುಡಿಯುವ ನೀರಿನ ಬಾಟಲಿ ಒಳ್ಳೆಯದು. ಗಡಸು ನೀರು ರೇಡಿಯೇಟರ್ ಒಳಗೆ ಕಿಟ್ಟ ಕಟ್ಟಿಸುತ್ತದೆ.

ಇನ್ನೊಂದು ವಿಷಯ. ಕೂಲೆಂಟ್ ತೀರಾ ಖಾಲಿಯಾದರೆ ಸೆನ್ಸರ್ ಸುತ್ತ ದ್ರವವೇ ಇರುವುದಿಲ್ಲ. ಆಗ ಮುಳ್ಳು ಕೆಳಗೆ ಇಳಿದುಬಿಡಬಹುದು. ಏರಿದ್ದ ಮುಳ್ಳು ಇದ್ದಕ್ಕಿದ್ದಂತೆ ಬಿದ್ದರೆ ಸಮಾಧಾನ ಪಡಬೇಡಿ, ನಿಲ್ಲಿಸಿ.

ಯಾವಾಗ ಹೀಟ್ ಆಗುತ್ತದೆ, ಬರೆದಿಡಿ

ಸ್ಪ್ಯಾನರ್ ಹಿಡಿಯುವ ಮುಂಚೆ ಒಂದು ಚೀಟಿಯಲ್ಲಿ ಮೂರು ಸಂಗತಿ ಬರೆಯಿರಿ: ಏನು ಬದಲಾಯಿತು, ಯಾವತ್ತು, ಆಮೇಲೆ ಎಂಥ ಓಡಾಟದಲ್ಲಿ ಹೀಟ್ ಆಯಿತು. ಅರ್ಧ ಉತ್ತರ ಈ ಮೂರನೆಯದರಲ್ಲೇ ಸಿಗುತ್ತದೆ.

ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಂತಾಗ ಏರಿ, ರಸ್ತೆ ಬಿಟ್ಟುಕೊಂಡು ಓಡಿದ ಕೂಡಲೇ ಇಳಿದರೆ ಫ್ಯಾನಿನ ಕಡೆ ನೋಡಿ. ಓಡುವಾಗ ಗಾಳಿ ತಾನಾಗಿ ಬರುತ್ತದೆ, ನಿಂತಾಗ ಫ್ಯಾನೇ ಗತಿ. ಊರೊಳಗೆ ಚೆನ್ನಾಗಿದ್ದು ಹೈವೇಯಲ್ಲಿ ನೂರರ ವೇಗಕ್ಕೆ, ಅಥವಾ ಶಿರಾಡಿ, ಚಾರ್ಮಾಡಿ, ಆಗುಂಬೆಯಂಥ ಘಾಟಿ ಹತ್ತುವಾಗ ಏರಿದರೆ ಕೂಲೆಂಟ್ ಸಾಕಷ್ಟು ಹರಿಯುತ್ತಿಲ್ಲ ಎಂದರ್ಥ: ಪೂರ್ತಿ ತೆರೆಯದ ಥರ್ಮೋಸ್ಟಾಟ್, ದುರ್ಬಲ ಪಂಪ್, ಕಟ್ಟಿಕೊಂಡ ಅಥವಾ ಅಳತೆಗೆ ಚಿಕ್ಕದಾದ ರೇಡಿಯೇಟರ್. ಸ್ಟಾರ್ಟ್ ಮಾಡಿದ ಹತ್ತು ನಿಮಿಷಕ್ಕೇ ಏರಿದರೆ ಥರ್ಮೋಸ್ಟಾಟ್ ಮುಚ್ಚಿಕೊಂಡೇ ಇದೆ, ಅಥವಾ ಒಳಗೆ ಗಾಳಿ ಸೇರಿದೆ. ಮುಳ್ಳು ಏರಿಳಿಯುತ್ತ ಆಟ ಆಡುತ್ತಿದ್ದರೂ ಗಾಳಿಯ ಮೇಲೇ ಅನುಮಾನ.

ಮೊದಲ ಕೆಲಸ: ಏರ್ ಲಾಕ್ ತೆಗೆಯುವುದು

ಪಾರ್ಟನ್ನು ದೂರುವ ಮೊದಲು ಅದನ್ನು ಹಾಕಿದ ರೀತಿ ನೋಡಬೇಕು. ಕೂಲಿಂಗ್ ಭಾಗದ ಯಾವ ಕೆಲಸ ಮಾಡಿದರೂ ಕೂಲೆಂಟ್ ಇಳಿಸಿ ಮತ್ತೆ ತುಂಬುತ್ತಾರೆ. ಆಗ ಒಳಗೆ ಗಾಳಿಯ ಗುಳ್ಳೆ ಉಳಿದರೆ ಎಷ್ಟೇ ಒಳ್ಳೆಯ ಪಾರ್ಟ್ ಹಾಕಿದ್ದರೂ ಕಾರು ಹೀಟ್ ಆಗುತ್ತದೆ. ಅವಸರದ ಗ್ಯಾರೇಜುಗಳಲ್ಲಿ ಕೈಬಿಟ್ಟುಹೋಗುವುದು ಇದೇ ಕೆಲಸ.

ಬೆಳಿಗ್ಗೆ ಇಂಜಿನ್ ಪೂರ್ತಿ ತಣ್ಣಗಿರುವಾಗ ಮಾಡಿ. ಕಾರಿನ ಮೂತಿ ಸ್ವಲ್ಪ ಮೇಲಿರುವಂತೆ ಇಳಿಜಾರಿನಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಡಿ. ಕ್ಯಾಪ್ ತೆಗೆದು ಕಂಠದವರೆಗೆ ಕೂಲೆಂಟ್ ತುಂಬಿಸಿ. ಹೀಟರ್ ಪೂರ್ತಿ ಬಿಸಿಗೆ ಇಟ್ಟು ಇಂಜಿನ್ ಸ್ಟಾರ್ಟ್ ಮಾಡಿ ಐಡಲಿನಲ್ಲಿ ಬಿಡಿ. ಮೇಲಿನ ಹೋಸನ್ನು ಆಗಾಗ ಹಿಚುಕಿ ಬಿಡುತ್ತಿರಿ. ಬೆರಳು ಫ್ಯಾನು, ಬೆಲ್ಟಿನಿಂದ ದೂರವಿರಲಿ. ಗುಳು ಗುಳು ಎಂದು ಗುಳ್ಳೆ ಬರುತ್ತದೆ, ಮಟ್ಟ ಇಳಿಯುತ್ತದೆ. ತುಂಬಿಸುತ್ತಾ ಹೋಗಿ. ಕೆಲವು ಕಾರುಗಳಲ್ಲಿ ಗಾಳಿ ಬಿಡಲೆಂದೇ ಒಂದು ಸ್ಕ್ರೂ ಇರುತ್ತದೆ. ಅದರಿಂದ ಗುಳ್ಳೆಯಿಲ್ಲದೆ ದ್ರವ ಬರುವವರೆಗೆ ಸಡಿಲಿಸಿ ಮತ್ತೆ ಬಿಗಿ ಮಾಡಿ. ಕೂಲೆಂಟ್ ಉಕ್ಕಿ ಬರತೊಡಗಿದರೆ ಇಂಜಿನ್ ನಿಲ್ಲಿಸಿ ದೂರ ನಿಲ್ಲಿ. ಫ್ಯಾನ್ ಎರಡು ಸಲ ತಿರುಗಿ ನಿಂತು, ಹೀಟರಿನಲ್ಲಿ ಒಂದೇ ಸಮ ಬಿಸಿ ಗಾಳಿ ಬಂದರೆ ಕೆಲಸ ಮುಗಿಯಿತು. ಆರಿದ ಮೇಲೆ ಮಟ್ಟ ನೋಡಿ ಕ್ಯಾಪ್ ಹಾಕಿ.

ಕೂಲೆಂಟನ್ನು ಬಣ್ಣ ನೋಡಿ ಬೆರೆಸಬೇಡಿ. ಹಸಿರು, ಕೆಂಪು, ನೀಲಿ ಅನ್ನುವುದು ಕಂಪನಿಗಳು ಹಾಕುವ ಬಣ್ಣ ಅಷ್ಟೇ, ಒಳಗಿನ ಜಾತಿ ಬೇರೆಯೇ ಇರಬಹುದು. ಕಾರಿನ ಪುಸ್ತಕದಲ್ಲಿ ಹೇಳಿದ್ದನ್ನೇ ಹಾಕಿ. ರೆಡಿ ಮಿಕ್ಸ್ ಆಗಿರದಿದ್ದರೆ ಸಾಮಾನ್ಯವಾಗಿ ಅರ್ಧ ಕೂಲೆಂಟ್, ಅರ್ಧ ಡಿಸ್ಟಿಲ್ಡ್ ವಾಟರ್.

ಥರ್ಮೋಸ್ಟಾಟ್: ಪಾತ್ರೆಯಲ್ಲಿ ಹಾಕಿ ನೋಡಿ

ಹೀಟ್ ಹೋಗಲಿಲ್ಲ, ಕೊನೆಗೆ ಬದಲಾದದ್ದು ಥರ್ಮೋಸ್ಟಾಟ್. ಹಾಗಾದರೆ ಅದನ್ನು ಬಿಚ್ಚಿ. ಬಹುತೇಕ ಕಾರುಗಳಲ್ಲಿ ಎರಡೋ ಮೂರೋ ಬೋಲ್ಟಿನ ಕೆಲಸ. ಕೆಳಗೆ ಅಗಲ ಬಾಣಲಿ ಇಟ್ಟು ಕೂಲೆಂಟ್ ಹಿಡಿದುಕೊಳ್ಳಿ. ನೆಲಕ್ಕೆ ಚೆಲ್ಲಿ ಹಾಗೇ ಬಿಡಬೇಡಿ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿ, ಆದರೆ ವಿಷ. ಬೀದಿನಾಯಿಗಳು ನೆಕ್ಕುತ್ತವೆ.

ಇದರೊಳಗೆ ಇರುವುದು ಒಂದು ಮೇಣದ ಗುಂಡು. ಬಿಸಿಗೆ ಮೇಣ ಕರಗಿ ಹಿಗ್ಗಿ ಒಂದು ಕಡ್ಡಿಯನ್ನು ತಳ್ಳುತ್ತದೆ, ವಾಲ್ವ್ ತೆರೆಯುತ್ತದೆ. ತಣ್ಣಗಾದರೆ ಸ್ಪ್ರಿಂಗ್ ಅದನ್ನು ವಾಪಸ್ ಮುಚ್ಚುತ್ತದೆ. ಯಾವ ಬಿಸಿಗೆ ತೆರೆಯಬೇಕು ಅನ್ನುವುದನ್ನು ಲೋಹದ ಮೇಲೇ ಒತ್ತಿರುತ್ತಾರೆ. 82 ಅಥವಾ 88 ಸಾಮಾನ್ಯವಾಗಿ ಕಾಣುವ ಅಂಕಿಗಳು. ಹಳೆಯದರ ಮೇಲೆ 82 ಇದ್ದು ಹೊಸದರ ಮೇಲೆ ಬೇರೆ ಅಂಕಿ ಇದ್ದರೆ ಕಾರಿನ ಪಾರ್ಟ್ ನಂಬರ್ ಜೊತೆ ತಾಳೆ ನೋಡಿ.

ಬಿಚ್ಚುವಾಗಲೇ ಎರಡು ವಿಷಯ ಗಮನಿಸಿ, ಫೋಟೋ ತೆಗೆಯಿರಿ. ಸ್ಪ್ರಿಂಗ್ ಮತ್ತು ಮೇಣದ ಗುಂಡು ಇರುವ ಬದಿ ಇಂಜಿನ್ನಿನ ಕಡೆ ಇರಬೇಕು. ತಿರುವುಮುರುವಾದರೆ ಬಿಸಿ ಸರಿಯಾಗಿ ತಾಗುವುದಿಲ್ಲ. ಅಂಚಿನಲ್ಲಿ ಅಲ್ಲಾಡುವ ಸಣ್ಣ ಪಿನ್ ಇದ್ದರೆ ಅದು ಗಾಳಿ ಹೋಗುವ ದಾರಿ. ಥರ್ಮೋಸ್ಟಾಟ್ ನಿಂತ ಹಾಗೆ ಕೂರುವ ಕಾರುಗಳಲ್ಲಿ ಆ ಪಿನ್ ಮೇಲುಗಡೆಗೆ ಬರಬೇಕು. ಈ ಎರಡರಲ್ಲಿ ತಪ್ಪಿದ್ದರೆ ದೋಷ ಪಾರ್ಟಿನದಲ್ಲ, ಕೂರಿಸಿದವರದು.

ಈಗ ಪರೀಕ್ಷೆ. ಮತ್ತೆ ಅಡುಗೆಗೆ ಬಳಸದ ಹಳೇ ಪಾತ್ರೆ ಬೇಕು, ಜೊತೆಗೆ ನೂರು ಡಿಗ್ರಿ ದಾಟಿ ತೋರಿಸುವ ಅಡುಗೆಮನೆ ಥರ್ಮಾಮೀಟರ್. ಜ್ವರ ನೋಡುವುದು ಇಲ್ಲಿ ನಡೆಯುವುದಿಲ್ಲ. ವಾಲ್ವಿನ ಅಂಚನ್ನು ಬೆರಳಲ್ಲಿ ಸ್ವಲ್ಪ ಬಿಡಿಸಿ ಸಂದಿಗೆ ಹತ್ತಿದಾರ ಸಿಕ್ಕಿಸಿ ಬಿಟ್ಟುಬಿಡಿ. ಸ್ಪ್ರಿಂಗ್ ದಾರವನ್ನು ಕಚ್ಚಿ ಹಿಡಿಯುತ್ತದೆ. ಆ ದಾರದಿಂದಲೇ ಅದನ್ನು ನೀರಿನಲ್ಲಿ ತೂಗುಬಿಡಿ, ತಳ ಮುಟ್ಟಬಾರದು. ಪಕ್ಕದಲ್ಲೇ ಹಳೆಯ ಥರ್ಮೋಸ್ಟಾಟನ್ನೂ ಹೀಗೇ ತೂಗುಬಿಟ್ಟರೆ ಹೋಲಿಕೆ ಸುಲಭ. ಸಣ್ಣ ಉರಿಯಲ್ಲಿ ಕಾಯಿಸಿ, ಆಗಾಗ ಕಲಕಿ, ಫೋನಿನಲ್ಲಿ ವಿಡಿಯೋ ಹಚ್ಚಿ ಥರ್ಮಾಮೀಟರ್ ಕೂಡ ಚಿತ್ರದೊಳಗೆ ಕಾಣುವಂತೆ ಇಡಿ.

82ರ ಥರ್ಮೋಸ್ಟಾಟ್ ಆ ಅಂಕಿಯ ಆಚೀಚೆ ಎರಡು ಡಿಗ್ರಿಯೊಳಗೆ ಬಾಯಿ ಬಿಡಬೇಕು. ಬಿಟ್ಟ ಕ್ಷಣ ದಾರ ಜಾರಿ ಅದು ಟಣ್ ಎಂದು ತಳಕ್ಕೆ ಬೀಳುತ್ತದೆ. ಆಗಿನ ಅಂಕಿ ಬರೆದುಕೊಳ್ಳಿ. ಕಾಯಿಸುವುದನ್ನು ಮುಂದುವರಿಸಿ. 95ರ ಹೊತ್ತಿಗೆ ವಾಲ್ವ್ ಸುಮಾರು 8 ಮಿಲಿಮೀಟರ್ ಎದ್ದಿರಬೇಕು. ಮೋಸ ಅಡಗಿರುವುದು ಇಲ್ಲೇ. ಎಷ್ಟೋ ಕಳಪೆ ಪಾರ್ಟ್‌ಗಳು ಸರಿಯಾದ ಬಿಸಿಗೇ ತೆರೆಯುತ್ತವೆ, ಆದರೆ ಎರಡು ಮೂರು ಮಿಲಿಮೀಟರಿಗೆ ನಿಂತುಬಿಡುತ್ತವೆ. ಊರೊಳಗಿನ ಓಡಾಟಕ್ಕೆ ಆ ಸಂದಿ ಸಾಕು. ಘಾಟಿಯಲ್ಲಿ ಎರಡನೇ ಗೇರಿನಲ್ಲಿ ಹತ್ತುವಾಗ ಸಾಲುವುದಿಲ್ಲ. ಮೆಕ್ಯಾನಿಕ್ ಐಡಲಿನಲ್ಲಿ ನಿಲ್ಲಿಸಿ ನೋಡಿ "ಎಲ್ಲ ಸರಿ ಇದೆ" ಅನ್ನುವುದು ಇದಕ್ಕೇ. ಒಲೆಯಿಂದ ಇಳಿಸಿದ ಮೇಲೆ ಅದು ಪೂರ್ತಿ ಮುಚ್ಚಬೇಕು ಅನ್ನುವುದನ್ನೂ ನೋಡಿ.

ಬೆಂಗಳೂರಿನವರಿಗೆ ಒಂದು ಮಾತು. ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ. ಕೆಲವು ಹೊಸ ಇಂಜಿನ್ನುಗಳಲ್ಲಿ ಕಂಪ್ಯೂಟರ್ ಹಿಡಿತದ, ನೂರು ದಾಟಿದ ಮೇಲೇ ತೆರೆಯುವ ಥರ್ಮೋಸ್ಟಾಟ್ ಇರುತ್ತದೆ. ವಯರ್ ಪ್ಲಗ್ ಇರುವ ಅಂಥವನ್ನು ಪಾತ್ರೆಯಲ್ಲಿ ಹಾಕಿ ಕೆಟ್ಟಿದೆ ಎಂದು ತೀರ್ಮಾನ ಮಾಡಬೇಡಿ.

"ಥರ್ಮೋಸ್ಟಾಟ್ ಯಾಕೆ ಸಾರ್, ನಮ್ಮ ಊರಿನ ಸೆಕೆಗೆ ಬೇಡವೇ ಬೇಡ, ತೆಗೆದುಬಿಡೋಣ" ಎಂಬ ಸಲಹೆ ಖಂಡಿತ ಬರುತ್ತದೆ. ಒಪ್ಪಬೇಡಿ. ಇಂಜಿನ್ ಬೇಕಾದಷ್ಟು ಬಿಸಿಯಾಗದೆ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಸವೆತವೂ ಹೆಚ್ಚು. ಕೆಲವು ಇಂಜಿನ್ನುಗಳಲ್ಲಿ ಬೈಪಾಸ್ ದಾರಿಯನ್ನು ಮುಚ್ಚುವುದೂ ಇದೇ ಥರ್ಮೋಸ್ಟಾಟ್. ಅದು ಇಲ್ಲದಿದ್ದರೆ ಬಿಸಿ ಕೂಲೆಂಟ್ ರೇಡಿಯೇಟರಿಗೆ ಹೋಗದೆ ಇಂಜಿನ್ನಿನಲ್ಲೇ ಸುತ್ತುತ್ತದೆ, ಹೀಟ್ ಇನ್ನೂ ಏರುತ್ತದೆ.

ರೇಡಿಯೇಟರ್ ಕ್ಯಾಪ್

ಅಗ್ಗದ ಪಾರ್ಟ್ ಎಂದು ಯಾರೂ ಗಮನಿಸುವುದಿಲ್ಲ. ಇದು ಮಾಡುವ ಕೆಲಸ ಕುಕ್ಕರಿನ ವೆಯ್ಟ್ ಮಾಡುವುದೇ: ಒತ್ತಡ ಹಿಡಿದಿಟ್ಟು ಕುದಿಯುವ ಬಿಂದುವನ್ನು ಮೇಲೇರಿಸುವುದು. 1 ಬಾರ್ ಒತ್ತಡ ನಿಂತರೆ ಸಾದಾ ನೀರು ಕೂಡ 120ರ ತನಕ ಕುದಿಯುವುದಿಲ್ಲ. ಒತ್ತಡ ನಿಲ್ಲದಿದ್ದರೆ ನೂರರ ಹತ್ತಿರವೇ ಕುದಿದು ಪಕ್ಕದ ಕೂಲೆಂಟ್ ಬಾಟಲಿಗೆ ಉಕ್ಕುತ್ತದೆ.

ಕ್ಯಾಪಿನ ಮೇಲೆ 0.9, 1.1 (ಬಾರ್) ಅಥವಾ 88, 108 (ಕಿಲೋಪಾಸ್ಕಲ್) ಎಂಬಂಥ ಅಂಕಿ ಇರುತ್ತದೆ. ಹಳೆಯದಕ್ಕೂ ಹೊಸದಕ್ಕೂ ಅದು ಒಂದೇ ಇರಬೇಕು. ಕಡಿಮೆ ಇದ್ದರೆ ಬೇಗ ಕುದಿಯುತ್ತದೆ, ಜಾಸ್ತಿ ಇದ್ದರೆ ಹಳೇ ಹೋಸು ಒಡೆಯುತ್ತದೆ. ಬೆಳಿಗ್ಗೆ ನೋಡಿದಾಗ ಮೇಲಿನ ಹೋಸು ಚಪ್ಪಟೆಯಾಗಿ ಒಳಗೆ ಎಳೆದುಕೊಂಡಿದ್ದರೆ ಕ್ಯಾಪಿನ ನಡುವಿನ ಸಣ್ಣ ವಾಲ್ವ್ ಕೆಲಸ ಮಾಡುತ್ತಿಲ್ಲ. ಪ್ರೆಶರ್ ಟೆಸ್ಟರ್ ಇರುವ ಗ್ಯಾರೇಜಿನಲ್ಲಿ ಐದು ನಿಮಿಷದಲ್ಲಿ ನೋಡಿಕೊಡುತ್ತಾರೆ. ಹೇಗಿದ್ದರೂ ಅಲ್ಲಿಗೆ ಹೋಗಿರುತ್ತೀರಿ, ಇಡೀ ಕೂಲಿಂಗ್ ಲೈನಿಗೂ ಒತ್ತಡ ಕೊಟ್ಟು ಲೀಕ್ ನೋಡಿಸಿಬಿಡಿ.

ವಾಟರ್ ಪಂಪ್

ಹೊರಗಿನಿಂದ ನೋಡಿ ಪತ್ತೆ ಹಚ್ಚುವುದು ಕಷ್ಟ. ಪುಲ್ಲಿ ತಿರುಗುತ್ತಿರುತ್ತದೆ, ಒಳಗೆ ರೆಕ್ಕೆ ತಿರುಗುತ್ತಿದೆಯೋ ಇಲ್ಲವೋ ಕಾಣುವುದಿಲ್ಲ. ಹೀಟರ್ ಒಂದು ಸುಳಿವು ಕೊಡುತ್ತದೆ. ಇಂಜಿನ್ ಬಿಸಿಯಾಗಿ, ಕೂಲೆಂಟ್ ತುಂಬಿದ್ದು, ಏರ್ ಲಾಕ್ ತೆಗೆದ ಮೇಲೂ ಐಡಲಿನಲ್ಲಿ ಹೀಟರ್ ಗಾಳಿ ತಣ್ಣಗೆ ಬಂದು, 2500 ಆರ್‌ಪಿಎಂಗೆ ಒತ್ತಿದಾಗ ಬಿಸಿಯಾದರೆ ಹರಿವು ದುರ್ಬಲ ಎಂದು ತಿಳಿಯಿರಿ.

ಪಂಪ್ ಕೈಗೆ ಬಂದರೆ ರೆಕ್ಕೆಯನ್ನು ಒಂದು ಕೈಯಲ್ಲಿ ಗಟ್ಟಿ ಹಿಡಿದು ಪುಲ್ಲಿಯನ್ನು ಇನ್ನೊಂದು ಕೈಯಲ್ಲಿ ತಿರುಗಿಸಿ. ಒಂಚೂರೂ ಜಾರಬಾರದು. ಒತ್ತಿ ಕೂರಿಸಿದ ರೆಕ್ಕೆ ಸಡಿಲವಿದ್ದರೆ ತಣ್ಣಗಿರುವಾಗ ಹಿಡಿದು, ಬಿಸಿಯಾದ ಮೇಲೆ ಜಾರುತ್ತದೆ. ಹಳೇ ಪಂಪಿನ ಪಕ್ಕ ಇಟ್ಟು ರೆಕ್ಕೆಗಳ ಸಂಖ್ಯೆ, ಎತ್ತರ, ಅಗಲ, ಬಾಗಿದ ದಿಕ್ಕು ನೋಡಿ. ಬೆಲ್ಟ್ ಹಾದುಹೋಗುವ ದಾರಿಯನ್ನೂ ಬಾನೆಟ್ ಕೆಳಗಿನ ಸ್ಟಿಕರಿನಲ್ಲೋ ಕಾರಿನ ಪುಸ್ತಕದಲ್ಲೋ ತಾಳೆ ನೋಡಿ. ಟೈಮಿಂಗ್ ಬೆಲ್ಟಿನಿಂದ ತಿರುಗುವ ಪಂಪಾದರೆ ಮನೆಯಲ್ಲಿ ಕೈ ಹಾಕಬೇಡಿ. ಒಂದು ಹಲ್ಲು ತಪ್ಪಿದರೂ ವಾಲ್ವು, ಪಿಸ್ಟನ್ ಡಿಕ್ಕಿ ಹೊಡೆಯಬಹುದು.

ಫ್ಯಾನು, ರಿಲೇ, ಸೆನ್ಸರ್

ಎಸಿ ಹಾಕಿದರೆ ಹೆಚ್ಚಿನ ಕಾರುಗಳಲ್ಲಿ ರೇಡಿಯೇಟರ್ ಫ್ಯಾನ್ ತಿರುಗಬೇಕು. ತಿರುಗಿದರೆ ಸಾಲದು, ದಿಕ್ಕು ನೋಡಿ. ಮೋಟಾರ್ ಬದಲಾಯಿಸುವಾಗ ಎರಡು ವಯರ್ ಅದಲುಬದಲಾದರೆ ಫ್ಯಾನ್ ಉಲ್ಟಾ ತಿರುಗುತ್ತದೆ. ಸದ್ದು ಜೋರಾಗೇ ಇರುತ್ತದೆ, ಆದರೆ ಓಡುವಾಗಿನ ಗಾಳಿಗೆ ಎದುರಾಗಿ ಊದುತ್ತಿರುತ್ತದೆ. ಮುಂದಿನ ಗ್ರಿಲ್ ಹತ್ತಿರ ಒಂದು ಹಾಳೆ ಹಿಡಿಯಿರಿ. ಇಂಜಿನ್ ಕಡೆಗೆ ಎಳೆದು ಅಂಟಿಕೊಂಡರೆ ಸರಿ, ದೂರ ಹಾರಿದರೆ ಉಲ್ಟಾ.

ಫ್ಯಾನ್ ತಿರುಗದಿದ್ದರೆ ಫ್ಯೂಸ್ ನೋಡಿ. ಆಮೇಲೆ ಫ್ಯಾನಿಗೆ ಕರೆಂಟ್ ಬಿಡುವ ಸ್ವಿಚ್ಚಾದ ರಿಲೇ ನೋಡಿ. ಅದೇ ಪೆಟ್ಟಿಗೆಯಲ್ಲಿ ಅದೇ ನಂಬರಿನ ಬೇರೆ ರಿಲೇ ಇದ್ದರೆ ಅದಲುಬದಲು ಮಾಡಿ ನೋಡಿ.

ಸೆನ್ಸರ್ ಬದಲಾಗಿದ್ದರೆ ಕಾರಿನ ಕಂಪ್ಯೂಟರಿನ ಅಂಕಿಗಳನ್ನು ಫೋನಿನಲ್ಲಿ ತೋರಿಸುವ ಅಗ್ಗದ ಬ್ಲೂಟೂತ್ ಓಬಿಡಿ ರೀಡರ್ ಒಂದು ತೆಗೆದುಕೊಳ್ಳಿ. ರಾತ್ರಿಯಿಡೀ ನಿಂತ ಕಾರಿನಲ್ಲಿ ಬೆಳಿಗ್ಗೆ ಸೆನ್ಸರ್ ತೋರಿಸುವ ಅಂಕಿ ಹೊರಗಿನ ಹವೆಗೆ ಹತ್ತಿರವಿರಬೇಕು. 24 ಡಿಗ್ರಿ ಬೆಳಿಗ್ಗೆ ಅದು 50 ತೋರಿಸಿದರೆ ಸೆನ್ಸರ್ ಸುಳ್ಳು ಹೇಳುತ್ತಿದೆ, ಇಂಜಿನ್ ನಿಜಕ್ಕೂ ಹೀಟ್ ಆಗಿಯೇ ಇಲ್ಲದಿರಬಹುದು. ಮಲ್ಟಿಮೀಟರ್ ಇದ್ದವರು ರೆಸಿಸ್ಟೆನ್ಸ್ ಅಳೆಯಬಹುದು. ಹಲವು ಕಾರುಗಳಲ್ಲಿ 20 ಡಿಗ್ರಿಗೆ 2ರಿಂದ 3 ಕಿಲೋಓಮ್ ಇದ್ದದ್ದು 80ಕ್ಕೆ 300 ಓಮಿನ ಆಸುಪಾಸಿಗೆ ಇಳಿಯುತ್ತದೆ.

ಅಂಗಡಿಗೆ ಹೋಗುವ ಮೊದಲು ಹೆಡ್ ಗ್ಯಾಸ್ಕೆಟ್ ನೋಡಿಸಿ

ಕೆಟ್ಟ ಪಾರ್ಟಿನಿಂದ ಕಾರು ಒಮ್ಮೆ ಕೆಂಪಿಗೆ ಹೋಗಿದ್ದರೆ ಹಾನಿ ಆ ಪಾರ್ಟಿಗೇ ನಿಂತಿರುವುದಿಲ್ಲ. ಹೆಡ್ಡಿಗೂ ಬ್ಲಾಕಿಗೂ ನಡುವಿನ ಸೀಲಾದ ಹೆಡ್ ಗ್ಯಾಸ್ಕೆಟ್ ಕೂಡ ಹೋಗಿರಬಹುದು. ಆಯಿಲ್ ಕ್ಯಾಪಿನ ಒಳಗೆ ಹಾಲಿನಂಥ ಕೆನೆ, ನಿಲ್ಲದೆ ಬರುವ ಬಿಳಿ ಹೊಗೆ, ಕೂಲೆಂಟ್ ಬಾಟಲಿಯಲ್ಲಿ ನಿರಂತರ ಗುಳ್ಳೆ, ತಣ್ಣಗಿನ ಇಂಜಿನ್ ಸ್ಟಾರ್ಟ್ ಆದ ಒಂದೆರಡು ನಿಮಿಷಕ್ಕೇ ಕಲ್ಲಾಗುವ ಹೋಸು. ಇವುಗಳಲ್ಲಿ ಯಾವುದಾದರೂ ಕಂಡರೆ ಓಡಿಸಬೇಡಿ. ಗ್ಯಾರೇಜಿನಲ್ಲಿ ನೀಲಿ ದ್ರವದ ಒಂದು ಪರೀಕ್ಷೆ ಇದೆ. ಕೂಲೆಂಟ್ ಮೇಲಿನ ಗಾಳಿಯನ್ನು ಅದರ ಮೂಲಕ ಎಳೆದಾಗ ಹಳದಿಗೆ ತಿರುಗಿದರೆ ಸಿಲಿಂಡರಿನ ಹೊಗೆ ಕೂಲೆಂಟಿಗೆ ನುಗ್ಗುತ್ತಿದೆ. ಹೆಡ್ ಬಿಚ್ಚಿದರೆ ಬರಿ ಗ್ಯಾಸ್ಕೆಟ್ ಹಾಕಿ ಮುಚ್ಚಲು ಬಿಡಬೇಡಿ, ನೇರಪಟ್ಟಿ ಇಟ್ಟು ಬೆಂಡ್ ಅಳೆಯಲು ಹೇಳಿ. ಹಲವು ಪೆಟ್ರೋಲ್ ಇಂಜಿನ್ನುಗಳಲ್ಲಿ 0.05 ಮಿಲಿಮೀಟರ್ ದಾಟಿದರೆ ಫೇಸಿಂಗ್ (ಮೇಲ್ಮೈ ಉಜ್ಜಿ ಸಮತಟ್ಟು ಮಾಡುವುದು) ಮಾಡಿಸಬೇಕಾಗುತ್ತದೆ.

ದುಡ್ಡು ವಾಪಸ್ ಕೇಳುವುದು

ಕೆಟ್ಟ ಪಾರ್ಟನ್ನು ಒರೆಸಿ ತೊಳೆದು ಹೊಳಪು ಮಾಡಬೇಡಿ. ಡಬ್ಬಿ, ಪಾರ್ಟ್ ನಂಬರ್ ಇರುವ ಲೇಬಲ್, ಜಿಎಸ್‌ಟಿ ಬಿಲ್, ಗ್ಯಾರೇಜಿನ ಜಾಬ್ ಕಾರ್ಡ್, ಪಾತ್ರೆ ಪರೀಕ್ಷೆಯ ವಿಡಿಯೋ ಎಲ್ಲ ಒಟ್ಟಿಗೆ ಇಡಿ. ಅಂಗಡಿಯವರು "ಇಲ್ಲೇ ಬಿಟ್ಟು ಹೋಗಿ, ಕಂಪನಿಗೆ ಕಳಿಸ್ತೀವಿ" ಅಂದರೆ ಬರವಣಿಗೆಯಲ್ಲಿ ರಶೀದಿ ಪಡೆಯದೆ ಕೊಡಬೇಡಿ. ಪಾರ್ಟ್ ಒಂದು ಕಡೆ ಕೊಂಡು ಬೇರೆ ಕಡೆ ಹಾಕಿಸಿದ್ದರೆ ಅವರು ಇವರ ಮೇಲೆ, ಇವರು ಅವರ ಮೇಲೆ ಹೇಳುವುದು ಗ್ಯಾರಂಟಿ. ಬಿಚ್ಚುವಾಗ ತೆಗೆದ ಫೋಟೋಗಳು ಆಗ ಉಪಯೋಗಕ್ಕೆ ಬರುತ್ತವೆ.

ಮಾತಿನಲ್ಲಿ ಮುಗಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅದೂ ಆಗದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗ ಇದೆ. ತೊಂದರೆಯಾದ ಎರಡು ವರ್ಷದೊಳಗೆ ದೂರು ಕೊಡಬೇಕು. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ದೂರಿನ ಶುಲ್ಕವಿಲ್ಲ. ದೋಷ ಕಣ್ಣಿಗೆ ಕಾಣುವಂಥದ್ದಲ್ಲದಿದ್ದರೆ ಆಯೋಗ ವಸ್ತುವನ್ನು ಲ್ಯಾಬಿಗೆ ಕಳಿಸಬಹುದು, ತೊಳೆಯಬೇಡಿ ಎಂದದ್ದು ಅದಕ್ಕೇ. ಸ್ವಂತ ದುಡಿಮೆಗೆ ಟ್ಯಾಕ್ಸಿ ಓಡಿಸುವವರನ್ನೂ ಈ ಕಾಯ್ದೆ ಗ್ರಾಹಕ ಎಂದೇ ನೋಡುತ್ತದೆ. ಬಿಲ್ ಇಲ್ಲದೆ ಕೊಂಡಿದ್ದರೆ ಮಾತ್ರ ಕೇಸ್ ಗಟ್ಟಿಯಾಗಿ ನಿಲ್ಲಿಸುವುದು ಕಷ್ಟ.

ಮತ್ತೊಂದು ಕೊಳ್ಳುವಾಗ

ಪಾರ್ಟ್ ಅಂಗಡಿಗಳಿರುವ ಬೆಂಗಳೂರಿನ ಜೆ.ಸಿ. ರೋಡಿಗೇ ಹೋಗಿ, ಕಂಪನಿ ಶೋರೂಮಿಗೇ ಹೋಗಿ, ಹಳೇ ಪಾರ್ಟ್ ಕೈಯಲ್ಲಿರಲಿ. ಕಾರಿನ ಚಾಸಿಸ್ ನಂಬರ್ ಕೊಟ್ಟು ಪಾರ್ಟ್ ನಂಬರ್ ತೆಗೆಸಿ. "ಎಲ್ಲಾ ಮಾಡೆಲ್‌ಗೂ ಇದೇ ಸಾರ್" ಅನ್ನುವ ಮಾತಿಗೆ ಬೆಲೆ ಕೊಡಬೇಡಿ. ಥರ್ಮೋಸ್ಟಾಟ್, ಕ್ಯಾಪ್‌ನಂಥವಕ್ಕೆ ಒರಿಜಿನಲ್‌ಗೂ ಲೋಕಲ್‌ಗೂ ಇರುವ ಬೆಲೆಯ ಅಂತರ ಒಂದು ಹೆಡ್ ಕೆಲಸದ ಮುಂದೆ ಏನೂ ಅಲ್ಲ. ಹೊಸ ಥರ್ಮೋಸ್ಟಾಟನ್ನು ಹಾಕಿಸುವ ಮುಂಚೆಯೇ ಪಾತ್ರೆಯಲ್ಲಿ ನೋಡಿ. ನೀರು ಕುದಿಯಲು ಆಗುವಷ್ಟೇ ಹೊತ್ತು. ಮೆಕ್ಯಾನಿಕ್ ನಗಬಹುದು, ನಗಲಿ ಬಿಡಿ.

ಹಾಕಿಸಿದ ಮೇಲೆ ಮೊದಲು ಮನೆ ಸುತ್ತಮುತ್ತ ಅರ್ಧ ಗಂಟೆ ಓಡಿಸಿ, ಆಮೇಲೆ ಎಸಿ ಹಾಕಿ ಟ್ರಾಫಿಕ್ಕಿನಲ್ಲಿ, ಆಮೇಲೆ ಹೈವೇಯಲ್ಲಿ. ಪ್ರತಿ ಸಲ ಮಾರನೇ ಬೆಳಿಗ್ಗೆ ತಣ್ಣಗಿರುವಾಗ ಬಾಟಲಿಯ ಮಟ್ಟ ನೋಡಿ, ಪೆನ್ನಿನಲ್ಲಿ ಗೆರೆ ಹಾಕಿ. ಮೊದಲ ದಿನ ಚೂರು ಇಳಿಯುವುದು ಸಹಜ, ಉಳಿದ ಗಾಳಿ ಹೊರಗೆ ಬಂದಿರುತ್ತದೆ. ಆಮೇಲೂ ಇಳಿಯುತ್ತಿದ್ದರೆ ಎಲ್ಲೋ ಸೋರುತ್ತಿದೆ, ಅದನ್ನು ಹುಡುಕುವ ತನಕ ಘಾಟಿ ಕಡೆಗೆ ಹೊರಡಬೇಡಿ.